ಒಂದು ಮೊರ ತೌಡು

ಟ್ರಂಕಿನ ಕೊಂಡಿ ಕಳಚಿದ ಸದ್ದು ಅದು. ಪಕ್ಕದವರ ದೊಡ್ಡಿಯಲ್ಲಿ ಕುರಿ ಕೆಮ್ಮುವುದಕ್ಕಿಂತ ಸಣ್ಣದು, ನಿದ್ದೆಯಲ್ಲಿದ್ದವರಿಗೆ ಕೇಳುವಂಥದಲ್ಲ. ಆಶಾರಾಣಿಗೆ ನಿದ್ದೆ ಬಂದಿರಲಿಲ್ಲ, ಆದ್ದರಿಂದ ಕೇಳಿಸಿತು. ಮೊಬೈಲ್ ಒತ್ತಿ ನೋಡಿದಳು: ಒಂದು ಗಂಟೆ ಹತ್ತು ನಿಮಿಷ. ಪಕ್ಕದಲ್ಲಿ ಗಂಡ ಅಂಜಿನಿ ಗೊರಕೆ ಹೊಡೆಯುತ್ತಿದ್ದ. ಎದ್ದು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟರೆ, ನಡುಮನೆಯಲ್ಲಿ ಅತ್ತೆ ಪಾಲಮ್ಮ ದೀಪ ಹಾಕದೆ ಟ್ರಂಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಬೀದಿ ಕಂಬದ ಬೆಳಕು ಕಿಟಕಿಯಿಂದ ಅವಳ ಕೈಮೇಲೆ ಬಿದ್ದಿತ್ತು. ಕೈಯಲ್ಲಿ ಸಣ್ಣದೊಂದು ಕಪ್ಪು ವಸ್ತು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಟ್ರಂಕು ಮುಚ್ಚಿ ಪಾಲಮ್ಮ ಚಾಪೆಯ ಮೇಲೆ ಒರಗಿದಳು.

ಏನದು ಎಂದು ಕೇಳುವ ಹಾಗಿರಲಿಲ್ಲ. ಕೇಳಿದರೆ, ಕದ್ದು ನೋಡಿದ್ದು ಯಾಕೆ ಎಂಬುದಕ್ಕೆ ಮೊದಲು ಉತ್ತರ ಕೊಡಬೇಕಾಗುತ್ತಿತ್ತು. ಆಶಾರಾಣಿ ಮತ್ತೆ ಮಲಗಿ ಸೂರು ನೋಡಿದಳು. ಬೆಳಗಾದರೆ ರಾಯದುರ್ಗದಲ್ಲಿ ಲೈಸೆನ್ಸ್ ಕ್ಯಾಂಪು. ಅಲ್ಲಿ ಅತ್ತೆ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ಭಾವ ಮೂಕಪ್ಪನ ಕೆಲಸ ಉಳಿಯುತ್ತದೆ, ಒತ್ತದಿದ್ದರೆ ಸೋಮವಾರ ಗಾಡಿಯ ಕೀಲಿಯನ್ನು ಮಾಲೀಕರಿಗೆ ಒಪ್ಪಿಸಬೇಕು. ಇಷ್ಟು ಮಾತ್ರ ಸ್ಪಷ್ಟವಾಗಿತ್ತು. ಮಿಕ್ಕಿದ್ದೆಲ್ಲ ಗೋಜಲು.

ಮೂಕಪ್ಪ ಅಂಜಿನಿಯ ಅಣ್ಣ. ವಯಸ್ಸು ಮೂವತ್ತೆಂಟೋ ಮೂವತ್ತೊಂಬತ್ತೋ, ಬರೆದಿಟ್ಟದ್ದಿಲ್ಲ. ಹೆಸರು ಮೂಕಪ್ಪನಾದರೂ ಅವನು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಆ ಹೆಸರಿಗೊಂದು ಕಾರಣವಿತ್ತು. ಪಾಲಮ್ಮನಿಗೆ ಮೊದಲು ಹುಟ್ಟಿದ ಎರಡು ಕೂಸುಗಳು ಕಣ್ಣು ಬಿಡುವ ಮೊದಲೇ ಹೋಗಿದ್ದವು. ಅಂಥ ಮನೆಯಲ್ಲಿ ಮೂರನೆಯದು ಹುಟ್ಟಿದರೆ ಅದನ್ನು ಮಕ್ಕಳೊಂದಿಗಳಾದ ಹೆಂಗಸೊಬ್ಬಳಿಗೆ ಒಂದು ಮೊರ ತೌಡಿಗೆ ಮಾರುವುದು ಆ ಕಡೆಯ ರೂಢಿ. ಕೂಸನ್ನು ಅವಳ ಮಡಿಲಿಗೆ ಹಾಕಿ, ತೌಡು ತೆಗೆದುಕೊಂಡು, ಆಮೇಲೆ ಸಾಕುವುದಕ್ಕೆಂದು ಕೂಸನ್ನು ವಾಪಸ್ಸು ತರುತ್ತಾರೆ. ಕಾಯುತ್ತಿರುವ ಸಾವಿಗೆ ಇದು ಈ ಮನೆಯದಲ್ಲ ಅನ್ನಿಸಬೇಕು. ಅದಕ್ಕೇ ಕೆಟ್ಟ ಹೆಸರು, ಅದಕ್ಕೇ ಮೂಗಿನ ಬಲಗಡೆ ತೂತು. ಕೂಸನ್ನು ಗಡಿಯಾಚೆ, ಬಳ್ಳಾರಿ ಕಡೆಯ ಹಳ್ಳಿಯ ಚಿತ್ತಮ್ಮ ಎಂಬುವವಳಿಗೆ ಮಾರಿದ್ದೆಂದು ಊರಿಗೆಲ್ಲ ಗೊತ್ತು. ಅವರದು ತೆಲುಗು ರಾಜ್ಯದ ಅಂಚಿನ ಕನ್ನಡದ ಊರು, ಗಡಿ ಇರುವುದೇ ಅವರ ಹೊಲದಿಂದ ಎರಡು ಮೈಲಿಗೆ.

ಬೇರೆ ಮನೆಗಳಲ್ಲಿ ಈ ಆಟ ಐದು ವರ್ಷಕ್ಕೆ ಮುಗಿಯುತ್ತದೆ. ಪಾಲಮ್ಮ ಮಾತ್ರ ಮುಗಿಸಲೇ ಇಲ್ಲ. ರೇಷನ್ ಕಾರ್ಡಿಗೆ ಬರೆದುಕೊಳ್ಳಲು ಬಂದವರಿಗೆ “ಅವ ನಮ್ಮವಲ್ಲ” ಅಂದಳು. ಶಾಲೆಯ ಮೇಷ್ಟರಿಗೂ ಅದನ್ನೇ ಅಂದಳು. ಹುಡುಗ ಅಪ್ಪ ಗೋಪಣ್ಣನ ಹಿಂದೆ ಕುರಿ ಹೊಡೆದುಕೊಂಡು ಊರೂರು ಸುತ್ತಿದ. ಆಧಾರ್ ಕಾರ್ಡಿನ ಕಾಲ ಬಂದಾಗ ಗೋಪಣ್ಣ ತೀರಿಕೊಂಡಿದ್ದ. ಮನೆಯ ಯಜಮಾನಿ ‘ಇವನು ನನ್ನ ಮಗ’ ಎಂದು ಹೆಬ್ಬೆಟ್ಟು ಹಾಕಿದರೆ ಸಾಕೆಂದರು. ಪಾಲಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡು ಎದ್ದು ಬಂದಳಂತೆ. ಗಡಿಯಾಚೆ ಕೇಳೋಣವೆಂದರೆ ಚಿತ್ತಮ್ಮ ಎಂಬ ಹೆಸರಿನವರು ಊರಿಗೆ ಐವರು. ಯಾವ ಚಿತ್ತಮ್ಮನೋ ಯಾರಿಗೂ ನೆನಪಿಲ್ಲ. ಹೀಗಾಗಿ ಮೂಕಪ್ಪ ಎರಡೂ ರಾಜ್ಯಗಳ ನಡುವೆ ಯಾವ ಕಾಗದದಲ್ಲೂ ಇಲ್ಲದ ಮನುಷ್ಯನಾಗಿ ಉಳಿದ. ಕಾಗದವಿಲ್ಲದವನಿಗೆ ಹೆಣ್ಣು ಕೊಡುವವರೂ ಸಿಗಲಿಲ್ಲ. ಅವನ ಬೆನ್ನಿಗೆ ಹುಟ್ಟಿದ ಅಂಜಿನಿಗೆ ಎಲ್ಲ ಕಾಗದಗಳೂ ಇದ್ದವು. ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಟೈಲರ್ ಕೆಲಸವೂ ಇತ್ತು.

ರೊಳ್ಳದ ಕಡೆಯ ಆಶಾರಾಣಿ ಈ ಮನೆಗೆ ಸೊಸೆಯಾಗಿ ಬಂದು ಏಳು ವರ್ಷ. ಬಿ.ಎ. ಓದಿದವಳು. ರಾಯದುರ್ಗದ ಒಂದು ಆನ್‌ಲೈನ್ ಅಂಗಡಿಯಲ್ಲಿ ಕೂತು ಬೇರೆಯವರ ಅರ್ಜಿ ತುಂಬುವುದು ಅವಳ ಕೆಲಸ. ಒಂದಕ್ಷರ ಹೆಚ್ಚು ಕಡಿಮೆಯಾದರೆ ಮುದುಕರ ಪಿಂಚಣಿ ಹೇಗೆ ನಿಂತುಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದಳು. ಆದ್ದರಿಂದ ಬಾಯಲ್ಲಾಡುವ ಮಾತನ್ನೂ ಎರಡು ಸಲ ಓದಿನೋಡಿಯೇ ಆಡುತ್ತಿದ್ದಳು. ಸಾವಿರ ಅರ್ಜಿ ತುಂಬಿದ್ದರೂ ಭಾವನನ್ನು ಎಲ್ಲಿ ಬರೆಯಬೇಕೆಂಬ ಖಾನೆ ಮಾತ್ರ ಅವಳಿಗೆ ಸಿಕ್ಕಿರಲಿಲ್ಲ.

ಮೂಕಪ್ಪ ಡಿ. ಹಿರೇಹಾಳ್ ಕಡೆಯ ಹಳ್ಳಿಗಳಿಂದ ಹೆಂಗಸರನ್ನು ಕಾರ್ಖಾನೆಗೆ ಕರೆದೊಯ್ಯುವ ವ್ಯಾನು ಓಡಿಸುತ್ತಿದ್ದ. ಲೈಸೆನ್ಸ್ ಇರಲಿಲ್ಲ. ಈಚಿನ ಪೊಲೀಸರು ಹಿಡಿದರೆ ಕನ್ನಡದಲ್ಲಿ ಮಾತಾಡಿ ಬಳ್ಳಾರಿಯವನೆನ್ನುತ್ತಿದ್ದ, ಆಚಿನವರು ಹಿಡಿದರೆ ತೆಲುಗಿನಲ್ಲಿ ಮಾತಾಡಿ ರಾಯದುರ್ಗದವನೆನ್ನುತ್ತಿದ್ದ. ಹದಿನೈದು ವರ್ಷ ಹೀಗೇ ನಡೆದಿತ್ತು. ಹೋದ ತಿಂಗಳು ಬೆಳುಗುಪ್ಪದ ಹತ್ತಿರ ಯಾರದೋ ಗಾಡಿ ಮಗುಚಿ, ಓಡಿಸುತ್ತಿದ್ದವನ ಬಳಿ ಲೈಸೆನ್ಸ್ ಇರಲಿಲ್ಲವೆಂದು ಗಲಾಟೆಯಾಯಿತು. ಕಾರ್ಖಾನೆಯ ಚಂದ್ರಮೋಹನ್ ಸಾಹುಕಾರರು ಮೂಕಪ್ಪನನ್ನು ಕರೆದು, “ಸೋಮವಾರದೊಳಗ ಲೈಸೆನ್ಸೋ, ಇಲ್ಲಾ ಅದಕ್ಕ ಅರ್ಜಿ ಕೊಟ್ಟ ರಸೀದಿನೋ ತಂದು ತೋರಿಸು. ಇಲ್ಲಂದ್ರ ಕೀಲಿ ಇಟ್ಟು ಹೋಗಪಾ” ಅಂದರು.

ಆ ವಾರವೇ ಮೊಬೈಲುಗಳಲ್ಲಿ ಒಂದು ಸುದ್ದಿ ಓಡಾಡತೊಡಗಿತು. ಹೊರಗಿನಿಂದ ಬಂದು ಇಲ್ಲಿ ನೆಲೆಸಿದ, ಯಾವ ದಾಖಲೆಯೂ ಇಲ್ಲದವರಿಗೂ ಡ್ರೈವಿಂಗ್ ಲೈಸೆನ್ಸ್ ಕೊಡಲು ಸರ್ಕಾರ ಕಾನೂನು ಮಾಡಿದೆ. ಕೆಲವರು ಮಾಡಿದೆ ಅಂದರು, ಕೆಲವರು ಮಾಡುತ್ತದಂತೆ ಅಂದರು, ಇನ್ನು ಕೆಲವರು ಅದು ನಮ್ಮ ರಾಜ್ಯವೇ ಅಲ್ಲ ಅಂದರು. ಆಶಾರಾಣಿ ಮಡಕಶಿರದಲ್ಲಿದ್ದ ತಮ್ಮ ತಿಮ್ಮರಾಜುವಿಗೆ ಫೋನು ಮಾಡಿದಳು.

“ಇಲ್ಲಿ ಹೋದ ವಾರನೇ ಕ್ಯಾಂಪ್ ಆಯ್ತು ಕಣಕ್ಕ,” ಅಂದ ತಿಮ್ಮರಾಜು. “ಬೇರೆ ದೇಶದಿಂದ ಬಂದೋರ್ಗೆ ಮಾತ್ರ ಅಂದ್ಬುಟ್ರು. ನಮ್ಮೂರಾಗೆ ಬೇರೆ ದೇಶದೋರು ಯಾರವ್ರೆ? ಹದಿನೈದು ಜನ ಹೋಗಿ ಕಾಫಿ ಕುಡ್ಕೊಂಡು ವಾಪಸ್ ಬಂದ್ರು.”

“ಇಲ್ಲಿ ಬೇರೆ ರಾಜ್ಯದೋರ್ಗೂ ಐತೆ ಅಂತಾರಲ್ಲೋ?”

“ಹಂಗಾದ್ರೆ ಅದು ಬೇರೆ ಕಾನೂನು ಇರ್ಬೇಕು. ಇಲ್ಲಾಂದ್ರೆ ಅದೇ ಇರ್ಬೇಕು. ಇನ್ನೊಂದು ಮಾತು ಅಕ್ಕ, ಹೆಸರು ಕೊಟ್ಟೋರ ಪಟ್ಟಿ ಮಾಡ್ಕೊಂತಾರಂತೆ. ಮುಂದೆ ಹೊರಗಿನೋರ್ನ ಕಳಿಸೋ ಕಾಲ ಬಂದ್ರೆ, ಆ ಪಟ್ಟಿ ಹಿಡ್ಕೊಂಡೇ ಬತ್ತಾರೆ ಅಂತ ಯಾರೋ ಅಂತಿದ್ರು.”

“ಯಾರು?”

“ಯಾರೋ. ಬಸ್ಸಿನಾಗೆ.”

ಬಸ್ಸಿನಲ್ಲಿ ಯಾರೋ ಅಂದ ಆ ಮಾತು ಆಶಾರಾಣಿಯನ್ನು ಬಿಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಹೇಳಿದಳು. ಅಂಜಿನಿ ನಕ್ಕುಬಿಟ್ಟ.

“ಕಳಿಸಾಕ ಬಂದ್ರ ಆವಾಗ ಅವ್ವ ಎದ್ದು ನಿಂತು ‘ನನ್ನ ಮಗ ಇವ’ ಅಂತಾಳ. ರಕ್ತ ತಗೊಂಡು ನೋಡ್ಲಿ, ಬೇಕಾದ್ರ. ಈಗ ಹೊರಗಿನವ ಅಂತ ಬರಿಸಿ ಲೈಸೆನ್ಸ್ ತಗೋಳೋಣು. ಹುಟ್ಟಿದಾಗಿಂದ ಅವ್ವ ಹೇಳ್ಕೋತ ಬಂದ ಮಾತಲ್ಲೇನು? ಹೊಸಾ ಸುಳ್ಳು ಹೇಳು ಅಂತ ಯಾರೂ ಅಂದಿಲ್ಲ.”

“ನಾ ಬಾಡಿಗಿ ಮಗ ಇದ್ದಂಗ,” ಅಂದ ಮೂಕಪ್ಪ, ಮುದ್ದೆ ಮುರಿಯುತ್ತಾ. “ಬೇಕಾದಾಗ ಇಟ್ಕೋರಿ, ಬ್ಯಾಡಾದಾಗ ಬಿಟ್ಟುಬಿಡ್ರಿ. ಏನವ್ವಾ?”

ಪಾಲಮ್ಮ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ಕೊಳ್ಳಿಯನ್ನು ಒಳಕ್ಕೆ ತಳ್ಳಿದಳು. ಆಮೇಲೆ ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಮಗನನ್ನು ಮಗನಲ್ಲವೆಂದು ಸರ್ಕಾರದ ಕಾಗದದಲ್ಲಿ ಬರೆಸಲು ತಾಯಿಯ ಕರುಳು ಒಪ್ಪುತ್ತಿಲ್ಲ ಎಂದುಕೊಂಡಳು ಆಶಾರಾಣಿ. ಆದರೆ ಮಗನೆಂದು ಬರೆಸುವಾಗಲೂ ಒಪ್ಪಿರಲಿಲ್ಲವಲ್ಲ? ಎರಡೂ ಒಪ್ಪಿಗೆಯಿಲ್ಲವೆಂದರೆ ಈ ಮುದುಕಿಗೆ ಬೇಕಾದದ್ದೇನು? ಅವಳಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಆರೂವರೆಗೆ ವ್ಯಾನು ಹೊರಟಿತು. ಪಾಲಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಆಶಾರಾಣಿ ಹಿಂದೆ ಕಾರ್ಖಾನೆಯ ಹೆಂಗಸರ ನಡುವೆ ಇಕ್ಕಟ್ಟಿನಲ್ಲಿ ಕೂತಳು. ವಿಷಯ ಎಲ್ಲರಿಗೂ ಗೊತ್ತಿತ್ತು.

“ಲೈಸೆನ್ಸ್ ಇಲ್ದ ಗಾಡಿ ಹೊಡ್ಕೊಂಡು ಲೈಸೆನ್ಸ್ ಕ್ಯಾಂಪಿಗೆ ಹೊಂಟಾನ ನೋಡ್ರೇ,” ಅಂದಳು ಗುಂಡಿ ಹಚ್ಚುವ ಭುವನಾ.

“ಮತ್ತ ನಡ್ಕೊಂಡು ಹೋಗ್ಲೇನು? ನಿಮ್ಮನ್ನ ಯಾರು ಮುಟ್ಟಿಸ್ತಾರ, ನಿಮ್ಮತ್ತಿ ಹೊತ್ಕೊಂಡ್ ಹೋಗ್ತಾಳ?” ಮೂಕಪ್ಪ ಕನ್ನಡಿಯಲ್ಲಿ ನೋಡುತ್ತಾ ಕೇಳಿದ.

“ಹೊರಗಿನವ ಅಂತ ಬರಸ್ತಾರಂತಲ್ಲ ಮೂಕಣ್ಣ, ನಾಳಿಂದ ನಮ್ಮ ಜೋಡಿ ಯಾವ ಭಾಷಿ ಮಾತಾಡ್ತೀ?” ಅಂದಳು ಲಲಿತಾ.

“ಇಂಗ್ಲೀಷು.”

ಎಲ್ಲರೂ ನಕ್ಕರು. ಪಾಲಮ್ಮ ನಗಲಿಲ್ಲ. ಅವಳ ಎಡಗೈ ಸೊಂಟದ ಗಂಟಿನ ಮೇಲಿತ್ತು. ಆಶಾರಾಣಿ ದಾರಿಯುದ್ದಕ್ಕೂ ಆ ಕೈಯನ್ನೇ ನೋಡುತ್ತಿದ್ದಳು. ಊರು ದಾಟಿ ತಾರು ರಸ್ತೆ ಹಳ್ಳದ ಕಡೆ ತಿರುಗುವಲ್ಲಿ, ಪಾಲಮ್ಮ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಬೇವಿನ ಮರಗಳಿದ್ದ ಒಂದು ದಿಬ್ಬವನ್ನು ಅದು ಮರೆಯಾಗುವ ತನಕ ನೋಡಿದಳು. ನೋಡುವಂಥದ್ದೇನೂ ಅಲ್ಲಿರಲಿಲ್ಲ.

ಕ್ಯಾಂಪು ಶಾಲೆಯೊಂದರ ಮೈದಾನದಲ್ಲಿ. ಶಾಮಿಯಾನದ ಕೆಳಗೆ ಮೂರು ಮೇಜು, ತೆಲುಗಿನಲ್ಲಿ ಬರೆದ ಎರಡು ಬೋರ್ಡು, ಯಾವ ಬೋರ್ಡಿನ ಸಾಲು ಯಾವುದೆಂದು ಗೊತ್ತಾಗದೆ ಜಗಳವಾಡುವ ಜನ. ಬೋರ್‌ವೆಲ್ ಲಾರಿಯ ತಮಿಳರು, ಹಿಂದಿಯಾಡುವ ಟೈಲ್ಸ್ ಹುಡುಗರು, ಎರಡೂ ಕಡೆ ಮನೆಯಿರುವ ಗಡಿಯವರು. ಕಾಗದವಿದ್ದವರೂ ಒಳ್ಳೆಯದಕ್ಕೇ ಇರಲಿ ಎಂದು ಬಂದು ನಿಂತಿದ್ದರು. ಮೂಕಪ್ಪನನ್ನು ಕಣ್ಣಿನ ಪರೀಕ್ಷೆಯ ಸಾಲಿಗೆ ಕಳಿಸಿ, ಆಶಾರಾಣಿ ಅತ್ತೆಯ ಕೈ ಹಿಡಿದುಕೊಂಡು ನಡುವಿನ ಮೇಜಿಗೆ ಹೋದಳು. ಅಲ್ಲಿದ್ದ ಗುಮಾಸ್ತ ಗೋಪಾಲಪ್ಪ ಬೆಳಗಿನಿಂದ ಒಂದೇ ಉತ್ತರವನ್ನು ನೂರು ಸಲ ಹೇಳಿದವನಂತೆ ಕಾಣುತ್ತಿದ್ದ.

“ಸರ್, ಇದು ಕಾನೂನು ಆಗಿದೆಯೇ?” ಆಶಾರಾಣಿ ಕೇಳಿದಳು.

“ಆದಂಗ ಐತಿ.”

“ಅಂದರೆ?”

“ಅಂದ್ರ ನಮಗ ಅರ್ಜಿ ತಗೋರಿ ಅಂದಾರ, ತಗೋತೀವಿ. ನಾಳೆ ಕೊಡ್ರಿ ಅಂದ್ರ ಕೊಡ್ತೀವಿ. ಬ್ಯಾಡ ಅಂದ್ರ ಬಿಡ್ತೀವಿ. ಈಗ ರಸೀದಿ ಕೊಡ್ತೀನಮ್ಮ, ಅದನ್ನ ಹಿಡ್ಕೊಂಡು ಕಲಿಯೋ ಲೈಸೆನ್ಸಿನ ಪರೀಕ್ಷಾಕ್ಕ ಕೂಡಬಹುದು ಅಂತ ಬರ್ದಾರ. ಕೂಡಬಹುದು ಅಂದ್ರ ಕೂಡಬೇಕು ಅಂತಲ್ಲ.”

“ಈ ಪಟ್ಟಿ ಆಮೇಲೆ ಎಲ್ಲಿಗೆ ಹೋಗುತ್ತದೆ ಸರ್?”

“ಮ್ಯಾಲಕ್ಕ.”

“ಮೇಲೆ ಅಂದರೆ ಎಲ್ಲಿಗೆ?”

ಗೋಪಾಲಪ್ಪ ಕನ್ನಡಕ ತೆಗೆದು ಅವಳನ್ನು ನೋಡಿದ. “ಏನಮ್ಮ, ನಾ ಹುಟ್ಟಿದಾಗಿಂದ ಕೆಳಗ ಕುಂತೀನಿ. ನನಗೇನು ಗೊತ್ತು?” ಎಂದು ಒಂದು ಫಾರಂ ತಳ್ಳಿದ. “ಅವನ್ನ ಮನ್ಯಾಗ ಇಟ್ಕೊಂಡವ್ರು ಹೇಳಿಕಿ ಕೊಡಬೇಕು. ರಕ್ತಸಂಬಂಧ ಇರಬಾರದು. ರಕ್ತಸಂಬಂಧ ಇದ್ರ ಅವ ಇಲ್ಲಿಯವನಾ ಆದ, ಅವಗ ಈ ಸಾಲು ಅಲ್ಲ. ಎಲ್ಲಿಂದ ಬಂದ, ಯಾರ ಜೋಡಿ ಬಂದ, ಯಾವಾಗ ಬಂದ, ಅಷ್ಟು ಬರ್ದು, ಹೆಬ್ಬೆಟ್ಟು ಹಾಕಿಸಿ ತಗೊಂಬಾ. ಓದಿದಾಕಿ ಇದ್ದಂಗ ಅದಿ, ನೀನಾ ಬರಿ. ನನಗ ಪುರಸೊತ್ತಿಲ್ಲ.”

ಮೈದಾನದ ಮೂಲೆಯಲ್ಲಿ ನೀರಿನ ತೊಟ್ಟಿಯ ಕಟ್ಟೆಯಿತ್ತು. ಇಬ್ಬರೂ ಅಲ್ಲಿ ಕೂತರು. ಆಶಾರಾಣಿ ಬರೆಯಬೇಕಾದ ವಾಕ್ಯವನ್ನು ಮೂರು ದಿನದಿಂದ ಮನಸ್ಸಿನಲ್ಲಿ ತಿದ್ದಿ ಇಟ್ಟುಕೊಂಡಿದ್ದಳು. ಸುಳ್ಳು ಎಷ್ಟು ಚಿಕ್ಕದಾಗಿದ್ದರೆ ಅಷ್ಟು ಒಳ್ಳೆಯದು. ಆದರೂ ಕೇಳದೆ ಬರೆಯಬಾರದೆಂದು, “ಅತ್ತೆ, ಎಲ್ಲಿಂದ ಬಂದರು ಅಂತ ಕೇಳ್ತಾರೆ. ತಿಳಿಯದು ಅಂತ ಬರೀಲಾ?” ಅಂದಳು.

“ಬರಿ. ನಿಜಕ್ಕೂ ತಿಳೀದು,” ಅಂದಳು ಪಾಲಮ್ಮ. “ಅವರ ಮಾತು ತೆಲುಗೂ ಅಲ್ಲ, ಕನ್ನಡಾನೂ ಅಲ್ಲ, ಸಾಬರ ಮಾತೂ ಅಲ್ಲ.”

“ಯಾರ ಮಾತು?”

“ರಸ್ತಾ ಹಾಕಾಕ ಬಂದವ್ರದು.”

ಆಶಾರಾಣಿ ಪೆನ್ನಿನ ಮುಚ್ಚಳ ತೆಗೆದವಳು ಹಾಗೇ ಕೂತಳು. ಪಾಲಮ್ಮ ಸೊಂಟದಿಂದ ಸೆರಗಿನ ಗಂಟನ್ನು ಎಳೆದು, ಹಲ್ಲಿನಿಂದ ಬಿಚ್ಚಿ, ಒಳಗಿನದನ್ನು ಅವಳ ಮಡಿಲಿಗೆ ಹಾಕಿದಳು. ಎಳೆಗೂಸಿನ ಕೈಗೆ ಹಾಕುವಷ್ಟು ಚಿಕ್ಕ ಕಬ್ಬಿಣದ ಕಡಗ. ಒಂದು ಕಡೆ ತಾರು ಮೆತ್ತಿ ಗಟ್ಟಿಯಾಗಿತ್ತು.

“ನಿಮ್ಮ ಮಾವ, ನಾನು ಕುರಿ ಹೊಡ್ಕೊಂಡು ಹಳ್ಳದ ದಿಬ್ಬದಾಗ ಹಟ್ಟಿ ಹಾಕಿದ್ವಿ. ಅಲ್ಲೇ ನನಗ ಮೂರನೇದು ಆತು. ಮೂರೇ ದಿನ ಇತ್ತು. ಮಣ್ಣು ಮಾಡಿದ್ವಿ. ಊರಿಗೆ ಹೇಳಿ ಕಳಿಸಾಕ ಮನಸ್ಸು ಬರಲಿಲ್ಲ, ಮೂರನೇ ಸಲ ಯಾವ ಮಾರಿ ಹೊತ್ತು ಹೇಳ್ಲಿ? ಆಚಿ ಮಗ್ಗಲಿಗೆ ರಸ್ತಾದವ್ರ ಟೆಂಟು ಇದ್ವು. ಒಬ್ಬ ಹುಡುಗಿ, ನಿನ್ನಷ್ಟೂ ಇರ್ಲಿಲ್ಲ ಅಕಿ, ಹಡದು ಜ್ವರ ಹತ್ತಿ ಬಿದ್ದಿದ್ಲು. ಹಾಲಿಲ್ಲ. ಕೂಸು ಅಳೋದು ನಮ್ಮ ಹಟ್ಟಿಗೆ ಕೇಳ್ತಿತ್ತು. ನನ್ನ ಕುಪ್ಪಸ ತೊಯ್ತಿತ್ತು. ಹೋಗಿ ಎತ್ಕೊಂಡೆ.”

ಪಾಲಮ್ಮ ಸಂತೆಯ ಸಮಾಚಾರ ಹೇಳುವವಳಂತೆ ನಿಧಾನವಾಗಿ ಹೇಳುತ್ತಿದ್ದಳು. ಮೈದಾನದಲ್ಲಿ ಮೈಕು ಯಾರನ್ನೋ ಕರೆಯುತ್ತಿತ್ತು.

“ಹತ್ತು ದಿನ ಕುಡಿಸಿದೆ. ಒಂದಿನ ಲಾರಿ ಬಂತು, ಅವರ ಮೇಸ್ತ್ರಿ ಎಲ್ಲಾರ್ನೂ ಹತ್ತಸ್ದ. ಆ ಹುಡುಗಿಗೆ ಕುಂದ್ರಾಕೂ ಆಗ್ತಿದ್ದಿಲ್ಲ. ಕೂಸು ತಂದು ನನ್ನ ಉಡಿಗೆ ಹಾಕಿದ್ಲು. ಏನೇನೋ ಅಂದ್ಲು. ತನ್ನ ಹೆಸರೂ ಹೇಳಿದ್ಲು, ನನ್ನ ಬಾಯಾಗ ಅದು ತಿರುಗಲಿಲ್ಲ. ಪುಕ್ಕಟ ತಗೊಂಡ್ರ ಉಳಿಯಂಗಿಲ್ಲ ಅನ್ನಿಸ್ತು ನನಗ. ಮೊರದಾಗ ಕುರಿಗಿಟ್ಟ ತೌಡು ಇತ್ತು. ಅದನ್ನ ಅಕಿ ಮುಂದ ಇಟ್ಟೆ. ಅಕಿಗೆ ಏನು ತಿಳೀತೋ, ಸೀರಿ ಸೆರಗಿಗೆ ಸುರ್ಕೊಂಡ್ಲು. ಕೂಸಿನ ಕೈಯಾಗಿನ ಕಡಗ ಬಿಚ್ಚಿ ನನಗ ಕೊಟ್ಲು.”

ಪಾಲಮ್ಮ ಸೊಸೆಯ ಮಡಿಲಿನಿಂದ ಕಡಗ ಎತ್ತಿಕೊಂಡು ಅಂದಳು: “ಎಲ್ಲಾರೂ ನಾ ಮಾರಿದೆ ಅಂತಾರ. ನಾ ಮಾರ್ಲಿಲ್ಲವಾ. ಕೊಂಡೆ.”

ಆಶಾರಾಣಿ ಫಾರಂ ಪಕ್ಕಕ್ಕಿಟ್ಟಳು. “ಮತ್ತೆ ಚಿತ್ತಮ್ಮ?”

“ಯಾವ ಚಿತ್ತಮ್ಮ? ಊರಿಗೆ ಬಂದಾಗ ಎಲ್ಲಾರೂ ಕೇಳಿದ್ರು, ತೌಡಿಗೆ ಹಾಕಿದ್ಯಾ ಅಂತ. ನಿಮ್ಮ ಮಾವ ಹೂಂ ಅಂದ. ಯಾರಿಗೆ ಅಂದ್ರು. ಬಾಯಿಗೆ ಬಂದ ಹೆಸರು ಹೇಳ್ದ. ಎಲ್ಲಾರ ಮನ್ಯಾಗೂ ನಡಿಯೋದಾ ಅದು, ಯಾರಿಗೆ ಅನುಮಾನ ಬರ್ತೈತಿ?”

“ಭಾವನಿಗೆ?”

“ಗೊತ್ತಿಲ್ಲ. ಅಂಜಿನಿಗೂ ಗೊತ್ತಿಲ್ಲ. ನಿಮ್ಮ ಮಾವ ಇದನ್ನ ನುಂಗ್ಕೊಂಡೇ ಹೋದ.”

“ಆಧಾರಿಗೆ ಹೆಬ್ಬೆಟ್ಟು ಹಾಕಿದ್ದರೆ ಎಲ್ಲಾ ಸರಿಹೋಗುತ್ತಿತ್ತಲ್ಲ ಅತ್ತೆ.”

“ಬಾಯಾಗ ಮಾತಾಡೋದು ಬ್ಯಾರೆ. ಕಾಗದದ ಮ್ಯಾಲ ನನ್ನ ಹೊಟ್ಟ್ಯಾಗ ಹುಟ್ಟಿದ್ದು ಅಂತ ಒತ್ತಿಬಿಟ್ರ, ನಾಳೆ ಅಕಿ ಬಂದು ಕೇಳಿದ್ರ ಏನು ಹೇಳ್ಲಿ? ಮುಂದಿನ ವರ್ಷ ಬರ್ತಾಳ ಅನ್ಕೊಂಡಿದ್ದೆ. ಅದಕ್ಕಾ ಅವನ್ನ ಯಾರ ಮುಂದೂ ನನ್ನವ ಅನ್ನಲಿಲ್ಲ.” ಪಾಲಮ್ಮ ಹೆಬ್ಬೆರಳು ಚಾಚಿದಳು. “ಹೊರಗಿಂದ ಬಂದವ ಅಂತ ಬರ್ದೀಯೇನು? ಅದಕ್ಕ ಒತ್ತತೀನಿ. ಅದು ಖರೇ ಐತಿ.”

ಆಶಾರಾಣಿ ಫಾರಂ ನೋಡಿದಳು. ಅಕ್ಷರಗಳು ಕಾಣುತ್ತಿದ್ದವು, ಅರ್ಥವಾಗುತ್ತಿರಲಿಲ್ಲ. ಮೂರು ದಿನ ಅವಳು ಹೆದರಿದ್ದು ಸುಳ್ಳು ಬರೆಯಲು. ಈಗ ಬರೆಯಬೇಕಾದದ್ದು ನಿಜ, ಆದರೆ ಹೆದರಿಕೆ ಇಮ್ಮಡಿಯಾಗಿತ್ತು. ನಾಳೆ ಯಾರಾದರೂ ಆ ಪಟ್ಟಿ ಹಿಡಿದು ಬಂದರೆ ಅವ್ವ ಎದ್ದು ನಿಲ್ಲುತ್ತಾಳೆ, ರಕ್ತ ನೋಡಿದರೆ ತಿಳಿಯುತ್ತದೆ ಅಂದಿದ್ದ ಅಂಜಿನಿ. ರಕ್ತ ನೋಡಿದರೆ ತಿಳಿಯುವುದು ಇನ್ನೇನೋ. ಬರೆಯದೆ ಎದ್ದುಹೋದರೆ ಸೋಮವಾರ ಕೀಲಿ ಹೋಗುತ್ತದೆ. ಲೈಸೆನ್ಸಿಲ್ಲದ, ಕಾಗದವಿಲ್ಲದ, ಕುರಿಗಳನ್ನೂ ಮಾರಿಬಿಟ್ಟ ನಲವತ್ತರ ಹತ್ತಿರದ ಗಂಡಸು ಏನು ಮಾಡಬೇಕು? ಮಗನೆಂದು ಬರೆಯೋಣವೆಂದರೆ ಅತ್ತೆಯ ಹೆಬ್ಬೆರಳು ಮತ್ತೆ ಮುಷ್ಟಿಯೊಳಗೆ ಹೋಗುತ್ತದೆ. ರಸ್ತೆಯವರು, ಲಾರಿ, ಕಡಗ ಎಲ್ಲವನ್ನೂ ಬರೆದರೆ ಅದು ಯಾವುದೋ ಕಪಾಟಿನಲ್ಲಿ ಇರುತ್ತದೆ, ಯಾರಾದರೂ ಓದುವ ತನಕ. ಬರೆಯದಿದ್ದರೆ ನಿಜವನ್ನು ಮುಚ್ಚಿಟ್ಟಂತೆ. ಅಥವಾ ಅದು ಮುಚ್ಚಿಟ್ಟಂತೆ ಅಲ್ಲವೋ?

ಕೊನೆಗೆ ತೆಲುಗಿನಲ್ಲಿ ಮೂರು ವಾಕ್ಯ ಬರೆದಳು. ಎಳೆಗೂಸಾಗಿದ್ದಾಗ ಹೊರಗಿನಿಂದ ಬಂದವನು. ಎಲ್ಲಿಂದ, ಯಾರ ಜೊತೆ ಎಂದು ಖಚಿತವಾಗಿ ತಿಳಿಯದು. ಅಂದಿನಿಂದ ಈ ಹೇಳಿಕೆ ಕೊಟ್ಟವರೇ ಸಾಕಿದ್ದಾರೆ. ಎರಡು ಸಲ ಓದಿದಳು. ಒಂದು ಮಾತೂ ಸುಳ್ಳಲ್ಲ, ಒಂದು ಮಾತೂ ಹೆಚ್ಚಿಲ್ಲ. ಪಾಲಮ್ಮನಿಗೆ ಕನ್ನಡದಲ್ಲಿ ಹೇಳಿದಳು. ಅವಳು ತಲೆಯಾಡಿಸಿ, ಶಾಯಿಗೆ ಹೆಬ್ಬೆರಳು ಅದ್ದಿ, ಇಷ್ಟು ವರ್ಷ ಮೂಕಪ್ಪನ ಯಾವ ಕಾಗದಕ್ಕೂ ಮುಟ್ಟಿಸದ ಆ ಬೆರಳನ್ನು ಫಾರಂ ಮೇಲೆ ಬಲವಾಗಿ ಒತ್ತಿದಳು. ಕಡಗವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು.

ಅಷ್ಟರಲ್ಲಿ ಮೂಕಪ್ಪ ಕಣ್ಣುಜ್ಜುತ್ತಾ ಬಂದ. “ಎಲ್ಲಾ ಅಕ್ಷರ ಓದು ಅಂದ್ರು. ಅಕ್ಷರ ಬರಂಗಿಲ್ಲ, ಆದ್ರ ಎಲ್ಲಾ ಕಾಣಸ್ತಾವ್ರಿ ಅಂದೆ. ಪಾಸ್ ಮಾಡಿದ್ರು!” ಆಮೇಲೆ ತಾಯಿಯ ಕಪ್ಪು ಹೆಬ್ಬೆರಳು ನೋಡಿ, “ಏನವ್ವಾ, ಇವತ್ತ ನನ್ನ ಪೂರಾ ಮಾರಿಬಿಟ್ಟೇನು?” ಅಂದ.

“ಹೋಗಲೋ, ಯಾರ ಮಗನೋ ನೀನು,” ಅಂದಳು ಪಾಲಮ್ಮ, ಮೂಕಪ್ಪನ ತೋಳಿಗೆ ಒಂದೇಟು ಕೊಟ್ಟು. ಹೆಬ್ಬೆರಳಿನ ಶಾಯಿ ಅವನ ಬಿಳಿ ಅಂಗಿಗೆ ಹತ್ತಿತು. ಅವನು ಎಂದಿನಂತೆ ನಕ್ಕ. ಈ ಮಾತು ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುವಂಥದು. ಆಶಾರಾಣಿ ಮಾತ್ರ ನಗುವುದೋ ಬೇಡವೋ ತಿಳಿಯದೆ, ನಕ್ಕಂತೆ ಏನೋ ಮಾಡಿದಳು.

ಗೋಪಾಲಪ್ಪ ಫಾರಂ ಓದಿ, ಪಾಲಮ್ಮನ ಮುಖ ನೋಡಿ, ಮೂಕಪ್ಪನ ಮುಖ ನೋಡಿ, ಮೀಸೆಯಲ್ಲೇ ನಕ್ಕ.

“ಬೆಳಗ್ಗಿಂದ ಮೂವತ್ತು ಬಂದಾವು ನೋಡಮ್ಮ ಇಂಥವು. ಹಡದ ಮಕ್ಕಳ್ನ ಹೊರಗಿನವ್ರು ಅಂತ ಬರಸ್ಕೊಂಬಂದಾರ, ಒಂದು ಲೈಸೆನ್ಸಿಗೆ. ಮುದುಕಿ ಮೂಗು ನೋಡು, ಇವನ ಮೂಗು ನೋಡು. ಅಚ್ಚು ಹಾಕಿದಂಗ ಐತಿ. ನಮಗೇನು, ಬರ್ದಿದ್ದು ತಗೋತೀವಿ.” ಎಂದು ಮುದ್ರೆ ಒತ್ತಿ ರಸೀದಿ ಹರಿದು ಕೊಟ್ಟ.

ಆಶಾರಾಣಿ ತಿರುಗಿ ನೋಡಿದಳು. ಮೊಂಡು ಮೂಗು, ಅಗಲ ಹೊಳ್ಳೆ, ತುದಿಯಲ್ಲಿ ಒಂದು ತಗ್ಗು. ಗುಮಾಸ್ತ ಹೇಳಿದ್ದು ಸುಳ್ಳಾಗಿರಲಿಲ್ಲ. ಎರಡೂ ಒಂದೇ ಥರ ಇದ್ದವು. ಅಂಜಿನಿಯ ಮೂಗು ಹೇಗಿದೆ ಎಂದು ನೆನಪಿಸಿಕೊಳ್ಳಲು ಹೋದಳು. ಏಳು ವರ್ಷ ಜೊತೆಗಿದ್ದ ಗಂಡನ ಮೂಗು ಆ ಕ್ಷಣಕ್ಕೆ ನೆನಪಾಗಲಿಲ್ಲ. ಹಾಗಾದರೆ ಅತ್ತೆ ಹೇಳಿದ್ದು? ಕಡಗ ಇತ್ತಲ್ಲ. ಕಡಗ ಯಾರದಾದರೂ ಆಗಿರಬಹುದು. ಅತ್ತೆ ಸುಳ್ಳೇಕೆ ಹೇಳಬೇಕು? ಮಗನ ಕೀಲಿ ಉಳಿಸಲು, ಕಾಗದಕ್ಕೆ ಹೆದರುವ ತನ್ನನ್ನೇ ತಾನು ಒಪ್ಪಿಸಿಕೊಳ್ಳಲು ಮುದುಕಿ ಕಟ್ಟಿದ ಕತೆಯೇ ಇದು? ಹಾಗಿದ್ದರೆ ಬೆಳಿಗ್ಗೆ ಆ ದಿಬ್ಬದ ಕಡೆ ಕತ್ತು ಹಾಕಿ ನೋಡಿದ್ದೇಕೆ? ಯಾವ ಎಳೆ ಹಿಡಿದು ಎಳೆದರೂ ಗಂಟು ಬಿಗಿಯಾಗುತ್ತಿತ್ತು.

ಚಂದ್ರಮೋಹನ್ ಸಾಹುಕಾರರು ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದರಾಗ ಏನು ಬರ್ದೈತೋ ನನಗೂ ತಿಳೀವಲ್ದು. ಮುದ್ರಿ ಐತಲ್ಲ, ನಡಿ, ಗಾಡಿ ತೆಗಿ,” ಅಂದರು. ಕೀಲಿ ಮೂಕಪ್ಪನ ಹತ್ತಿರವೇ ಉಳಿಯಿತು.

ಸಂಜೆ ಅದೇ ವ್ಯಾನಿನಲ್ಲಿ ಎಲ್ಲರೂ ಊರಿಗೆ ಹೊರಟರು. ಕೆಲಸ ಮುಗಿಸಿ ಬಂದ ಅಂಜಿನಿ ಆಶಾರಾಣಿಯ ಪಕ್ಕದಲ್ಲಿ ಕೂತಿದ್ದ. ಅವನ ಮೂಗು ನೀಳವಾಗಿತ್ತು. ಗೋಡೆಯ ಮೇಲಿನ ಫೋಟೋದಲ್ಲಿರುವ ಮಾವನದೇ. ಅದರಿಂದಲೂ ಏನೂ ತೀರ್ಮಾನವಾಗಲಿಲ್ಲ.

ಫೋನು ಅದುರಿತು. ತಿಮ್ಮರಾಜು. “ಅಕ್ಕಾ, ಏನಂತ ಬರ್ಸಿದ್ರಿ? ಇಲ್ಲಿ ಮತ್ತೆ ಕ್ಯಾಂಪ್ ಮಾಡ್ತಾರಂತೆ, ನಮ್ಮೋರೂ ಅದನ್ನೇ ಬರಸ್ತಾರೆ.”

“ಕೇಳಿದ್ದಕ್ಕೆ ಉತ್ತರ ಬರೆದೆ ಕಣೋ. ಆಮೇಲೆ ಮಾಡ್ತೀನಿ,” ಎಂದು ಫೋನು ಇಟ್ಟಳು.

“ಅವ್ವ ತಕರಾರು ಮಾಡ್ಲಿಲ್ಲೇನು?” ಅಂಜಿನಿ ಮೆಲ್ಲಗೆ ಕೇಳಿದ. “ನಾ ಅಂದ್ಕೊಂಡಿದ್ದೆ, ಅಲ್ಲಿ ಹೋಗಿ ಅತ್ತುಬಿಡ್ತಾಳ ಅಂತ. ಏನಂದ್ಲು?”

ಆಶಾರಾಣಿ ಬಾಯಿ ತೆರೆದಳು. ಮುಂದಿನ ಸೀಟಿನಲ್ಲಿ ಪಾಲಮ್ಮ ತೂಕಡಿಸುತ್ತಿದ್ದಳು, ಒಂದು ಕೈ ಸೊಂಟದ ಗಂಟಿನ ಮೇಲೆ. ಮೂಕಪ್ಪ ಭುವನಾಳಿಗೆ ಏನೋ ಕೀಟಲೆ ಮಾಡುತ್ತಾ, ತಿರುವಿನಲ್ಲಿ ತಾಯಿಯ ತಲೆ ಬಾಗಿಲಿಗೆ ಬಡಿಯದಂತೆ ಎಡಗೈ ಅಡ್ಡ ಹಿಡಿದಿದ್ದ. ಬಿಳಿ ಅಂಗಿಯ ತೋಳಿನ ಮೇಲೆ ಹೆಬ್ಬೆಟ್ಟಿನ ಕಪ್ಪು ಗುರುತಿತ್ತು. ಬೇವಿನ ಮರಗಳ ದಿಬ್ಬ ಎದುರಾಗಿ ಹಿಂದೆ ಸರಿಯಿತು. ಪಾಲಮ್ಮನಿಗೆ ಎಚ್ಚರವಾಗಲಿಲ್ಲ.

“ಯಾವಾಗಲೂ ಹೇಳುವುದನ್ನೇ ಹೇಳಿದರು,” ಅಂದಳು ಆಶಾರಾಣಿ.

“ನಾ ಹೇಳಿದ್ದಿಲ್ಲೇನು,” ಎಂದು ಅಂಜಿನಿ ಸೀಟಿಗೆ ಒರಗಿ ಕಣ್ಣು ಮುಚ್ಚಿದ.

ಅಂಗಡಿಯ ಅಭ್ಯಾಸದಿಂದ ಅವಳು ಪ್ರತಿ ಅರ್ಜಿಯ ಫೋಟೋ ತೆಗೆದಿಟ್ಟುಕೊಳ್ಳುತ್ತಿದ್ದಳು, ಇದರದ್ದೂ ತೆಗೆದಿದ್ದಳು. ತೆರೆದು ನೋಡಿದಳು. ಮೂರು ವಾಕ್ಯ, ಕೆಳಗೆ ಹೆಬ್ಬೆಟ್ಟು. ಈ ಮೂರರಿಂದ ಮುಂದಿನದು ಗಂಡನಿಗೆ ಬೇಡ, ತಮ್ಮನಿಗೆ ಬೇಡ. ಭಾವನಿಗೂ ಬೇಡ, ಹೇಳುವುದಾದರೆ ಪಾಲಮ್ಮನೇ ಹೇಳಲಿ, ತನ್ನ ಬಾಯಿಂದ ಅದು ಯಾರಿಗೂ ಹೋಗಬಾರದು. ನಿಜವಾದರೂ ಅಷ್ಟೆ, ಅಲ್ಲದಿದ್ದರೂ ಅಷ್ಟೆ. ಹೀಗೆಂದು ಅವಳು ನಿರ್ಧರಿಸುವಷ್ಟರಲ್ಲಿ ವ್ಯಾನು ಊರ ಮುಂದೆ ನಿಂತಿತು. “ಇಳೀರಿ, ಇಳೀರಿ, ಹೊರಗಿನವನ ಗಾಡಿ ಇದು, ಮತ್ತೆ ಎಲ್ಲಿಗಾದ್ರೂ ಹೋಗ್ಬಿಡ್ತೈತಿ,” ಎಂದು ಮೂಕಪ್ಪ ಕೂಗಿದ. ಹೆಂಗಸರು ನಗುತ್ತಾ ಇಳಿದರು. ಆಶಾರಾಣಿ ಫೋನನ್ನು ಚೀಲಕ್ಕೆ ಹಾಕಿ, ಅತ್ತೆಯನ್ನು ಎಬ್ಬಿಸಲು ಮುಂದಿನ ಬಾಗಿಲಿಗೆ ಹೋದಳು.